ಚೀಟಿ ಇಲ್ಲದಿದ್ದರೂ ಪ್ರಶ್ನೆ ಇರಲಿ

ನಿಮಿರು ದೌರ್ಬಲ್ಯದ ಮಾತ್ರೆಗಳು ನಮ್ಮಲ್ಲಿ ಡಾಕ್ಟರ ಚೀಟಿಯಿಲ್ಲದೆ ಕೈಗೆ ಸಿಗುತ್ತವೆ ಎಂಬ ದೂರು ಹಳೆಯದು. ವೈದ್ಯರ ಚೀಟಿಯ ಮೇಲಷ್ಟೇ ಮಾರಬೇಕೆಂದು ಅವುಗಳಲ್ಲೊಂದಾದ ಸಿಲ್ಡೆನಾಫಿಲ್ಲಿನ ಸ್ಟ್ರಿಪ್ಪಿನ ಬೆನ್ನಿಗೇ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ, ಅದನ್ನು ಓದುವವರಿಲ್ಲ. ಆದರೆ ನಿಯಮ ಮುರಿದದ್ದಕ್ಕಿಂತ ದೊಡ್ಡ ಲೋಪ, ಕೊಡುವವರು ಏನನ್ನೂ ಕೇಳದಿರುವುದು. ಮೊದಲು ಎದೆನೋವಿಗೆಂದು ಪರೀಕ್ಷಿಸುತ್ತಿದ್ದ ಔಷಧ ಸಿಲ್ಡೆನಾಫಿಲ್. 1998ರಲ್ಲಿ ಅಮೆರಿಕದಲ್ಲಿ ನಿಮಿರು ದೌರ್ಬಲ್ಯಕ್ಕೆ ಒಪ್ಪಿಗೆ ಪಡೆಯಿತು. ರಕ್ತನಾಳವನ್ನು ಸಡಿಲಿಸುವುದೇ ಇದರ ಗುಣ. ಹೃದ್ರೋಗಿಗಳು ನಾಲಿಗೆಯಡಿ ಇಡುವ ಸಾರ್ಬಿಟ್ರೇಟಿನಂಥ ನೈಟ್ರೇಟುಗಳ ಗುಣವೂ ಅದೇ. ಎರಡೂ ಕೂಡಿದರೆ ಬಿ.ಪಿ. ಪ್ರಾಣಕ್ಕೇ ಅಪಾಯವಾಗುವಷ್ಟು ಕುಸಿಯಬಹುದು. ಪ್ರಾಸ್ಟೇಟಿಗೆ ಕೊಡುವ ಕೆಲವು ಮಾತ್ರೆಗಳ ಜೊತೆಗೂ ಎಚ್ಚರ ಬೇಕು.

ಯಡ್ತರೆಯಂಥ ಸಣ್ಣ ಊರಲ್ಲಿ ಡಾಕ್ಟರು, ನರ್ಸು, ಮೆಡಿಕಲ್ಲಿನವರು ಎಲ್ಲರೂ ಗುರುತಿನವರೇ, ಚೀಟಿ ಬರೆಸಿದರೆ ಮರ್ಯಾದೆ ಉಳಿದೀತೇ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ಪಕ್ಕದ ಬೈಂದೂರನ್ನೂ ಬಿಟ್ಟು ಕುಂದಾಪುರದ ಬಸ್ಸು ಹತ್ತಿ, ಗುರುತಿಲ್ಲದ ಅಂಗಡಿಯಲ್ಲಿ ಪಿಸುಗುಟ್ಟಿ ಕೊಳ್ಳುವವನ ಮೇಲೆ ಸಿಟ್ಟಾಗಿ ಫಲವೂ ಇಲ್ಲ. ಆದರೆ ಹಾಗೆ ಮುಚ್ಚಿಡುವುದು ಮಾನವನ್ನಷ್ಟೇ ಅಲ್ಲ, ಕಾಯಿಲೆಯನ್ನೂ ಮುಚ್ಚುತ್ತದೆ. ಶಿಶ್ನದ ರಕ್ತನಾಳ ಹೃದಯದ ನಾಳಕ್ಕಿಂತ ಸಪೂರ; ಶುಗರ್, ಬೀಡಿ, ಕೊಬ್ಬು ಮಾಡುವ ಹಾನಿ ಎಷ್ಟೋ ಸಲ ಮೊದಲು ಅಲ್ಲೇ ಕಾಣುತ್ತದೆ. ಡಾಕ್ಟರು ಶುಗರ್, ಬಿ.ಪಿ. ನೋಡುವುದು ಅದಕ್ಕೆ. ಗುಟ್ಟಾಗಿ ಸಿಗುವ ‘ಅಡ್ಡಪರಿಣಾಮವಿಲ್ಲದ’ ಪುಡಿ ಪರಿಹಾರವಲ್ಲ: ಅಂಥ ಎಷ್ಟೋ ಪುಡಿಗಳಲ್ಲಿ ಅಳತೆಯಿಲ್ಲದ ಸಿಲ್ಡೆನಾಫಿಲ್ಲೇ ಬೆರೆತದ್ದು ಪತ್ತೆಯಾಗಿದೆ. ಇಂಥ ಪುಡಿಗಳ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ, ಗೋಡೆಗಳಿಗೆ ಮಾತ್ರ ಅದು ಇನ್ನೂ ತಿಳಿದಂತಿಲ್ಲ.

ಬ್ರಿಟನ್ನಿನಲ್ಲಿ 2018ರಿಂದ 50 ಮಿಲಿಗ್ರಾಂ ಮಾತ್ರೆ ಚೀಟಿಯಿಲ್ಲದೆ ಸಿಗುತ್ತದಲ್ಲ ಎನ್ನುವವರಿದ್ದಾರೆ. ನಿಜ. ಅಲ್ಲಿ ಫಾರ್ಮಸಿಸ್ಟ್ ಹೃದಯದ ಬಗ್ಗೆ, ಬೇರೆ ಮಾತ್ರೆಗಳ ಬಗ್ಗೆ ವಿಚಾರಿಸಿ, ತಕ್ಕವನಿಗಷ್ಟೇ ಕೊಡುತ್ತಾನೆ. ಆ ವಿಚಾರಣೆ ಇಲ್ಲಿಲ್ಲದಿರುವಾಗ ಚೀಟಿ ಬೇಡವೆನ್ನುವುದು ಅರ್ಧ ನಕಲು. ಸರಿಯಾದವನಿಗೆ ಇದು ಒಳ್ಳೆಯ ಔಷಧವೇ: ಸಂಭೋಗಕ್ಕೆ ಸುಮಾರು ಒಂದು ಗಂಟೆ ಮೊದಲು, ದಿನಕ್ಕೆ ಒಂದೇ ಸಲ. ಭಾರೀ ಊಟ ಮಾಡಿದರೆ ಕೆಲಸ ತಡವಾಗುತ್ತದೆ. ತಡವಾಯಿತೆಂದು ಇನ್ನೊಂದು ನುಂಗಬಾರದು. ನಿಮಿರಿದ್ದು ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ, ಕಣ್ಣು ಅಥವಾ ಕಿವಿ ಥಟ್ಟನೆ ಮಂದವಾದರೆ ನಾಚದೆ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ನುಂಗಿದ ಮೇಲೆ ಎದೆನೋವು ಬಂದರೆ ಸಾರ್ಬಿಟ್ರೇಟ್ ಮುಟ್ಟದೆ ಕೂಡಲೇ ಆಸ್ಪತ್ರೆಗೆ ಹೋಗಿ. ಯಾವ ಮಾತ್ರೆ, ಎಷ್ಟು ಹೊತ್ತಿಗೆ ನುಂಗಿದ್ದು ಎಂಬುದನ್ನು, ಹೆಂಡತಿ ಮಕ್ಕಳು ಪಕ್ಕದಲ್ಲಿದ್ದರೂ, ಡಾಕ್ಟರಿಗೆ ಮೊದಲು ಹೇಳಿ.