ಪ್ರತ್ಯಕ್ಷ ಮತ್ತು ವಾಮಮಾರ್ಗ: ಒಂದು ಹೋಲಿಕೆಯ ವಿಮರ್ಶೆ

ಬೌದ್ಧರ ಪ್ರತ್ಯಕ್ಷವಿಚಾರವನ್ನೂ ಪಾಶ್ಚಾತ್ಯರಲ್ಲಿ ಕೆಲವರು 'ವಾಮಮಾರ್ಗ'ವೆಂದು ಕರೆದುಕೊಳ್ಳುವ ಗೂಢವಿದ್ಯೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಬರೆಹಗಳು ಈಚೆಗೆ ನಮ್ಮ ವಿದ್ಯಾರ್ಥಿಗಳ ಕೈಗೆ ಸುಲಭವಾಗಿ ಸಿಗುತ್ತಿವೆ. ಅವುಗಳ ಸಾರವಿಷ್ಟು: ನಾವು ಕಾಣುವ ಜಗತ್ತು ಮನಸ್ಸಿನ ರಚನೆಯೆಂದು ಬೌದ್ಧನು ಹೇಳಿದನು, ಗೂಢವಿದ್ಯೆಯ ಸಾಧಕನೂ ಹಾಗೆಯೇ ಹೇಳುತ್ತಾನೆ, ಆದುದರಿಂದ ಇಬ್ಬರ ದಾರಿಯೂ ಒಂದೇ. ಈ ತೀರ್ಮಾನವು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ನಡುವೆ ಓದುತ್ತ ಪಾಠ ಹೇಳುತ್ತ ಇರುವ ನಮಗೆ ಇದಕ್ಕೆ ಬೇಕಾದ ಸಾಮಗ್ರಿಯು ದೂರದಲ್ಲಿಲ್ಲ.

ಮೊದಲು ಬೌದ್ಧರ ಮಾತನ್ನು ನೋಡೋಣ. ಕ್ರಿ. ಶ. 5-6ನೆಯ ಶತಮಾನಗಳ ದಿಙ್ನಾಗನು ಪ್ರತ್ಯಕ್ಷವನ್ನು 'ಕಲ್ಪನಾಪೋಢ'ವೆಂದನು. ಎಂದರೆ ಹೆಸರು, ಜಾತಿ, ಗುಣ ಮುಂತಾದ ಕಲ್ಪನೆಗಳು ಸೇರುವ ಮೊದಲಿನ ಶುದ್ಧಜ್ಞಾನ. 7ನೆಯ ಶತಮಾನದ ಧರ್ಮಕೀರ್ತಿಯು ಅದಕ್ಕೆ 'ಅಭ್ರಾಂತ'ವೆಂಬ ವಿಶೇಷಣವನ್ನು ಸೇರಿಸಿದನು. ನಮ್ಮ ಕಡೆಯ ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ದಾರಿಯಲ್ಲಿ ಹೋಗುತ್ತಿರುವವನ ಮೂಗಿಗೆ ಒಂದು ಪರಿಮಳ ತಾಕುತ್ತದೆ. ಆ ಕ್ಷಣದಲ್ಲಿ ಇರುವುದು ಪರಿಮಳವೊಂದೇ. ಮರುಕ್ಷಣದಲ್ಲಿ 'ಇದು ಮಲ್ಲಿಗೆ', ಬಳಿಕ 'ಇದು ಶಂಕರಪುರದ ಮಲ್ಲಿಗೆ', ಬಳಿಕ 'ಇದು ನನಗೆ ಬೇಕು' ಎಂದು ವಿಕಲ್ಪಗಳು ಒಂದರ ಮೇಲೊಂದು ಏರುತ್ತವೆ. ಮೊದಲನೆಯದೇ ಪ್ರತ್ಯಕ್ಷ, ಉಳಿದವು ಮನಸ್ಸಿನ ಕೆಲಸ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಜಗತ್ತೆಲ್ಲವೂ ಮನಸ್ಸಿನ ರಚನೆಯೆಂಬುದು ಈ ಲಕ್ಷಣದ ಅರ್ಥವಲ್ಲ. ವಿಜ್ಞಾನವಾದಿಗಳು ಅಲ್ಲಿಯವರೆಗೆ ಹೋದುದುಂಟು. ಆದರೆ ಧರ್ಮಕೀರ್ತಿಯು ತನ್ನ ವಿಚಾರವನ್ನು ಕಟ್ಟುವಾಗ ಕಾರ್ಯಸಾಮರ್ಥ್ಯವುಳ್ಳ 'ಸ್ವಲಕ್ಷಣ'ವನ್ನು ಸತ್ಯವೆಂದೇ ಒಪ್ಪಿ ಹೊರಡುತ್ತಾನೆ. ಬೌದ್ಧನ ಆಕ್ಷೇಪವಿರುವುದು ಪರಿಮಳದ ಮೇಲಲ್ಲ, 'ನನಗೆ' ಎಂಬ ಕೊನೆಯ ಪದದ ಮೇಲೆ. ಹೀಗೆ ಹೋಲಿಕೆಯ ಮೊದಲ ಆಧಾರವೇ ಅರ್ಧಸತ್ಯವೆಂದಾಯಿತು.

ಇನ್ನು ವಾಮಮಾರ್ಗ. ಈ ಹೆಸರು ಪಾಶ್ಚಾತ್ಯರದಲ್ಲ, ನಮ್ಮ ತಂತ್ರಗ್ರಂಥಗಳದು. ಮದ್ಯ, ಮಾಂಸ ಮೊದಲಾದ ಪಂಚಮಕಾರಗಳು ಅದರ ಹೊರಗುರುತೆಂಬುದು ವಿದಿತವೇ ಇದೆ. ಆದರೆ ಅದರ ತತ್ತ್ವವನ್ನು ಬಲ್ಲವರು ಕಡಿಮೆ. 10ನೆಯ ಶತಮಾನದ ಕಾಶ್ಮೀರದಲ್ಲಿ ಉತ್ಪಲದೇವನು ಧರ್ಮಕೀರ್ತಿಯ ವಿಕಲ್ಪ, ಅಪೋಹ, ಸ್ವಸಂವೇದನೆಗಳೆಂಬ ಪರಿಭಾಷೆಯನ್ನು ತೆಗೆದುಕೊಂಡು ಅದನ್ನು ಶೈವಸಿದ್ಧಾಂತದ ಸ್ಥಾಪನೆಗೆ ಬಳಸಿದನು. ಅವನ ಪರಂಪರೆಯ ಅಭಿನವಗುಪ್ತನು ಕೌಲಾಚಾರವನ್ನು ವಿವರಿಸುವಾಗ ಶುದ್ಧ-ಅಶುದ್ಧವೆಂಬ ಭೇದವೂ ಒಂದು ವಿಕಲ್ಪವೇ, ಅದರಿಂದ ಹುಟ್ಟುವ ಶಂಕೆಯೇ ಬಂಧನವೆಂದು ಸಾಧಿಸಿದನು. ನಿಷಿದ್ಧವಸ್ತುವಿನ ಸೇವನೆ ಅವನಿಗೆ ವಿಕಲ್ಪಕ್ಷಯದ ಉಪಾಯವೇ ಹೊರತು ಸ್ವೇಚ್ಛೆಯ ಸಂಭ್ರಮವಲ್ಲ. ಅಲ್ಲಿ ಉಳಿಯುವುದು ಶಿವನ ಪೂರ್ಣಾಹಂತೆ. ಇಂಥ ಊರಿನ ಇಂಥ ವ್ಯಕ್ತಿಯ ಅಹಂಕಾರವಲ್ಲ. ಆದ್ದರಿಂದ ಬೌದ್ಧರ ಪ್ರತ್ಯಕ್ಷವಿಚಾರಕ್ಕೂ ಭಾರತೀಯ ವಾಮಮಾರ್ಗಕ್ಕೂ ನಿಜವಾದ ಸಂಬಂಧವೊಂದು ಉಂಟು. ಪಶ್ಚಿಮಕ್ಕೆ ಹೋದದ್ದು ಮಾತ್ರ ಹೆಸರು, ಈ ಸಂಬಂಧವಲ್ಲ.

1875ರಲ್ಲಿ ಥಿಯೊಸಾಫಿಕಲ್ ಸೊಸೈಟಿಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ಬ್ಲಾವಟ್ಸ್ಕಿಯವರ ಬರೆಹಗಳಲ್ಲಿ 'ಎಡಗೈಯ ದಾರಿ' ಎಂಬುದು ನಿಂದೆಯ ಮಾತು. ಮುಂದೆ ಅಲೀಸ್ಟರ್ ಕ್ರೌಲಿಯೂ (1875-1947) ಅದನ್ನು ನಿಂದೆಯಾಗಿಯೇ ಬಳಸಿದನು. ಸಾಧನೆಯ ಕೊನೆಯ ಮೆಟ್ಟಿಲಲ್ಲಿ ತನ್ನ ಅಹಂಕಾರವನ್ನು ಬಿಟ್ಟುಕೊಡಲೊಲ್ಲದವರಿಗೆ ಅವನು ಕೊಟ್ಟ ಹೆಸರದು. 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಟೆಂಪಲ್ ಆಫ್ ಸೆಟ್' ಮೊದಲಾದ ಪಂಥಗಳು ಇದೇ ಮಾತನ್ನು ಬಿರುದಾಗಿ ಧರಿಸಿದವು. ವ್ಯಕ್ತಿಯ ಪ್ರಜ್ಞೆಯು ಪ್ರಕೃತಿಯಿಂದ ಬೇರೆಯಾಗಿ ತನ್ನನ್ನು ತಾನೇ ದೈವತ್ವಕ್ಕೆ ಏರಿಸಿಕೊಳ್ಳಬೇಕೆಂಬುದು ಅವುಗಳ ಗುರಿ. ವಿಕಲ್ಪವನ್ನು ಸುಡಲು ಹೊರಟ ಮಾರ್ಗದ ಹೆಸರು 'ನಾನು' ಎಂಬ ವಿಕಲ್ಪವನ್ನು ಪೋಷಿಸುವ ಮಾರ್ಗಕ್ಕೆ ಅಂಟಿಕೊಂಡಿತು.

ಈ ಕವಲು ಇಬ್ಬರು ಸ್ನೇಹಿತರ ಬಾಳಿನಲ್ಲಿ ಚೆನ್ನಾಗಿ ಕಾಣುತ್ತದೆ. ಕ್ರೌಲಿಯೂ ಅಲನ್ ಬೆನೆಟ್ಟನೂ (1872-1923) ಲಂಡನ್ನಿನ ಒಂದೇ ಗೂಢಸಂಘದಲ್ಲಿ ಕಲಿತವರು. 1901ರಲ್ಲಿ ಸಿಂಹಳದಲ್ಲಿ ಜೊತೆಗಿದ್ದು ಯೋಗಾಭ್ಯಾಸ ಮಾಡಿದವರು. ಬಳಿಕ ಬೆನೆಟ್ಟನು ಬರ್ಮಾಕ್ಕೆ ಹೋಗಿ ಆನಂದ ಮೆತ್ತೇಯ್ಯನೆಂಬ ಭಿಕ್ಷುವಾಗಿ 1908ರಲ್ಲಿ ಇಂಗ್ಲೆಂಡಿಗೆ ಧರ್ಮಪ್ರಚಾರಕ್ಕಾಗಿ ಬಂದನು. ಕ್ರೌಲಿಯು ಸಂಕಲ್ಪಶಕ್ತಿಯನ್ನೇ ಧರ್ಮವಾಗಿ ಸಾರಿದನು. ಆಸನ, ಪ್ರಾಣಾಯಾಮ, ಏಕಾಗ್ರತೆಗಳು ಇಬ್ಬರಿಗೂ ಸಮಾನ. ಹೀಗಿರಲು ಸಾಧನೆಯ ಸಾಮ್ಯದಿಂದ ಸಿದ್ಧಾಂತದ ಸಾಮ್ಯವನ್ನು ಊಹಿಸುವುದು ಎಷ್ಟು ಅಪಾಯಕರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಗೂಢಸಾಧಕನೂ ಧ್ಯಾನದಲ್ಲಿ ರೂಪಗಳನ್ನು ಪ್ರತ್ಯಕ್ಷವಾಗಿಯೇ ಕಾಣುತ್ತಾನಲ್ಲ, ಬೌದ್ಧರೂ ಯೋಗಿಪ್ರತ್ಯಕ್ಷವನ್ನು ಒಪ್ಪುತ್ತಾರಲ್ಲ ಎಂದು. ಇದಕ್ಕೆ ಧರ್ಮಕೀರ್ತಿಯಲ್ಲಿಯೇ ಉತ್ತರವಿದೆ. ಕಾಮದಿಂದ, ಶೋಕದಿಂದ, ಭಯದಿಂದ, ಉನ್ಮಾದದಿಂದ ಕಂಗೆಟ್ಟವರು ಇಲ್ಲದ್ದನ್ನು ಕಣ್ಣೆದುರಿಗೆ ಇರುವಂತೆಯೇ ಕಾಣುತ್ತಾರೆಂದು ಅವನು ನೆನಪಿಸುತ್ತಾನೆ. ಅಷ್ಟೇ ಅಲ್ಲ, ಬೌದ್ಧರದೇ ಆದ ಅಶುಭಭಾವನೆಯಲ್ಲಿಯೂ ಪೃಥ್ವೀಮಂಡಲದ ಧ್ಯಾನದಲ್ಲಿಯೂ ಕಾಣುವ ರೂಪಗಳು ಸ್ಫುಟವಾಗಿದ್ದರೂ ಅಸತ್ಯವೆಂದು ಅವನು ಹಿಂಜರಿಯದೆ ಹೇಳುತ್ತಾನೆ. ಯಾವ ಅರ್ಥವು ಮೊದಲು ಪ್ರಮಾಣದಿಂದ ಪರೀಕ್ಷಿತವಾಗಿದೆಯೋ ಅದರ ಭಾವನೆಯಿಂದ ಹುಟ್ಟಿದ ಜ್ಞಾನ ಮಾತ್ರ ಯೋಗಿಪ್ರತ್ಯಕ್ಷ. ಸ್ಫುಟತೆ ಬೇರೆ, ಸತ್ಯತೆ ಬೇರೆ. ನಮ್ಮ ದೃಷ್ಟಿಯಲ್ಲಿ ಇಡೀ ಚರ್ಚೆಯ ಜೀವಾಳವೇ ಈ ಮಾತು. ಗೂಢವಿದ್ಯೆಯ ಗ್ರಂಥಗಳಲ್ಲಿ ರೂಪವನ್ನು ಬರಿಸಿಕೊಳ್ಳುವ ವಿಧಾನಗಳು ಹೇರಳವಾಗಿವೆ. ಬಂದ ರೂಪವನ್ನು ಅಲ್ಲಗಳೆಯುವ ವಿಧಾನ ವಿರಳ. ಫಲ ಸಿಕ್ಕಿತೇ ಇಲ್ಲವೇ ಎಂಬುದನ್ನು ಅಲ್ಲಿ ನಿರ್ಣಯಿಸುವವನು ಆ ಫಲವನ್ನು ಬಯಸಿದವನೇ.

ಈ ನಿಕಷವನ್ನು ಹಿಡಿದು ನಮ್ಮ ನೆರೆಯ ದರ್ಶನಗಳನ್ನು ನೋಡಿದರೆ ಹೊಸದೊಂದು ಬೆಳಕು ಸಿಗುತ್ತದೆ. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಬಾಹುಬಲಿಯ ಮತದಲ್ಲಿ ಇಂದ್ರಿಯಜ್ಞಾನವು ಮೂಲತಃ ಪರೋಕ್ಷ. ಆತ್ಮವು ನೇರವಾಗಿ ಪಡೆಯುವ ಅವಧಿ, ಮನಃಪರ್ಯಾಯ, ಕೇವಲಜ್ಞಾನಗಳೇ ಪ್ರತ್ಯಕ್ಷ. ಅತೀಂದ್ರಿಯಜ್ಞಾನಕ್ಕೆ ಇದಕ್ಕಿಂತ ಹೆಚ್ಚಿನ ಗೌರವ ಎಲ್ಲಿಯೂ ಇಲ್ಲ. ಆದರೆ ಕೇವಲಜ್ಞಾನವು ದೊರೆಯುವುದು ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ಪೂರ್ಣವಾಗಿ ಕ್ಷಯಿಸಿದ ಬಳಿಕ. ಬಯಕೆಯನ್ನೇ ಇಂಧನವಾಗಿ ಉರಿಸುವ ಗೂಢಸಾಧನೆಗೆ ಇದು ನೇರವಾದ ವಿರೋಧ.

ಉಡುಪಿಯ ಸಮೀಪದ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರು ಬೌದ್ಧರ ಪ್ರಬಲ ವಿರೋಧಿಗಳು. ದೋಷವಿಲ್ಲದ ಇಂದ್ರಿಯಕ್ಕೆ ದೋಷವಿಲ್ಲದ ವಿಷಯದೊಡನೆ ಆಗುವ ಸನ್ನಿಕರ್ಷ ಅವರಲ್ಲಿ ಪ್ರತ್ಯಕ್ಷ. ನಿರ್ವಿಕಲ್ಪಕಜ್ಞಾನವನ್ನು ಅವರ ಸಂಪ್ರದಾಯವು ಒಪ್ಪುವುದೇ ಇಲ್ಲ. ಪರಿಮಳವು ಮೊದಲಿಂದಲೇ ವಿಶೇಷಣಸಹಿತವಾಗಿ ತೋರುತ್ತದೆ. ಕಾಣುವ ಆತ್ಮವೂ ಸತ್ಯ, ಆದರೆ ಪರತಂತ್ರ. ಬೌದ್ಧರಿಗೂ ಇವರಿಗೂ ಇರುವ ಅಂತರ ಇಷ್ಟಾದರೂ ಒಂದೆಡೆ ಇಬ್ಬರೂ ಸಮೀಪಿಸುತ್ತಾರೆ. ಮನಸ್ಸು ಸಂಶಯಕ್ಕೂ ಭ್ರಮೆಗೂ ಒಳಗಾಗುವ ಇಂದ್ರಿಯ. ಅದು ತಂದ ಜ್ಞಾನದ ಪ್ರಾಮಾಣ್ಯವನ್ನು ಪರೀಕ್ಷೆಯ ಸಹಾಯದಿಂದ ನಿರ್ಣಯಿಸುವುದು ಸಾಕ್ಷಿಯೆಂದು ಮಾಧ್ವರು ಹೇಳುತ್ತಾರೆ. ಮನಸ್ಸಿಗೆ ತೋಚಿದುದೆಲ್ಲ ಪ್ರಮಾಣವಲ್ಲವೆಂಬ ಎಚ್ಚರವು ಧರ್ಮಕೀರ್ತಿಯಲ್ಲಿಯೂ ಮಧ್ವರಲ್ಲಿಯೂ ಸಮಾನ. ಬೌದ್ಧನ ನಿಜವಾದ ಸಮೀಪವರ್ತಿಯು ಅವನನ್ನು ಹೊಗಳಿ ಬಳಸಿಕೊಳ್ಳುವ ಪಾಶ್ಚಾತ್ಯ ವಾಮಮಾರ್ಗಿಯಲ್ಲ, ಅವನನ್ನು ಖಂಡಿಸಿದ ಉಡುಪಿಯ ಆಚಾರ್ಯರೇ ಎಂಬುದು ನಮ್ಮ ಅಭಿಪ್ರಾಯ.

ಇದು ಗ್ರಂಥದೊಳಗೆ ಮುಗಿಯುವ ವಿಚಾರವಲ್ಲ. 'ವಾಮಾಚಾರ'ವೆಂಬ ಮಾತನ್ನು ಸಡಿಲವಾಗಿ ಬಳಸುವವರು ಕಾಪುವಿನ ಮಾರಿಗುಡಿಗಳ ಸುಗ್ಗಿಮಾರಿಪೂಜೆಯನ್ನು, ಅಲ್ಲಿ ಸಲ್ಲುವ ಕೋಳಿಯ ಹರಕೆಯನ್ನು ಕಂಡು ಅದನ್ನೂ ಆ ಹೆಸರಿನಿಂದ ಕರೆಯುವುದುಂಟು. ರಕ್ತವೇ ವಾಮತ್ವದ ಗುರುತಾದರೆ ಪಶುಯಜ್ಞವನ್ನೂ ಅಲ್ಲಿಗೇ ಸೇರಿಸಬೇಕಾದೀತು. ಯಜ್ಞದಲ್ಲಿ ಪಿಷ್ಟಪಶುವನ್ನು ಬಳಕೆಗೆ ತಂದವರು ಮಧ್ವಾಚಾರ್ಯರೆಂದು ಸಂಪ್ರದಾಯವು ಹೇಳುತ್ತದೆ. ಬಲಿಯು ಉಚಿತವೇ ಎಂಬುದು ಬೇರೆಯ ಪ್ರಶ್ನೆ. ರೋಗರುಜಿನಗಳಿಂದ ಊರನ್ನು ಕಾಯೆಂದು ತಾಯಿಗೆ ಹರಕೆ ಒಪ್ಪಿಸುವ ಜನರಲ್ಲಿ ಕೌಲದೀಕ್ಷೆಯೂ ಇಲ್ಲ, ತಾನೇ ದೇವನಾಗುವ ಹಂಬಲವೂ ಇಲ್ಲ. ತಪ್ಪು ಹೆಸರು ಅವರಿಗೆ ಅನ್ಯಾಯವನ್ನೇ ಮಾಡುತ್ತದೆ.

ಇದಕ್ಕೆ ಪ್ರತಿಯಾಗಿ ಮಂಗಳೂರಿನ ಕದ್ರಿಯನ್ನು ನೋಡಬಹುದು. ಅಲ್ಲಿನ ವಿಹಾರದಲ್ಲಿ ಆಳುಪ ಕುಂದವರ್ಮನು ಕ್ರಿ. ಶ. 968ರ ಹೊತ್ತಿಗೆ ಸ್ಥಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿಯು ಇಂದು ಶಿವಾಲಯದಲ್ಲಿದೆ. ಮಗ್ಗುಲಲ್ಲಿ ನಾಥಯೋಗಿಗಳ ಮಠವಿದೆ. ಬೌದ್ಧ, ಶೈವ, ನಾಥ ಸಂಪ್ರದಾಯಗಳು ಈ ಕರಾವಳಿಯಲ್ಲಿಯೇ ಒಂದನ್ನೊಂದು ಹೇಗೆ ಮುಟ್ಟಿದುವೆಂಬುದಕ್ಕೆ ಅದು ಸಾಕ್ಷಿ. ಪಾಶ್ಚಾತ್ಯ ಗೂಢವಿದ್ಯೆಯೊಡನೆ ಹೋಲಿಕೆ ಹುಡುಕುವ ಮೊದಲು ಈ ಸಂಬಂಧವನ್ನು ಅಭ್ಯಾಸ ಮಾಡುವುದು ಹೆಚ್ಚು ಫಲಕಾರಿ. ಹೋಲಿಕೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಎರಡು ದರ್ಶನಗಳು ಏನನ್ನು ಕಂಡುವೆಂದು ಕೇಳುವುದರ ಜೊತೆಗೆ, ಕಂಡುದನ್ನು ಅವು ಹೇಗೆ ಪರೀಕ್ಷಿಸಿದುವೆಂದೂ ಕೇಳಬೇಕು. ಆ ಎರಡನೆಯ ಪ್ರಶ್ನೆಯನ್ನು ಬಿಟ್ಟ ಹೋಲಿಕೆಯನ್ನು ವಿದ್ಯಾರ್ಥಿಗಳು ಪ್ರಮಾಣವಾಗಿ ಸ್ವೀಕರಿಸಬೇಕಾಗಿಲ್ಲ.