ಯಾರ ಆಯ್ಕೆ, ಯಾರ ಕಲಿಕೆ: ಶಿಕ್ಷಣ ಮಾಧ್ಯಮದ ತೀರ್ಪನ್ನು ಮತ್ತೆ ಓದುತ್ತಾ

2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕರ್ನಾಟಕದ ಒಂದು ಸರ್ಕಾರಿ ಆದೇಶದ ಹಣೆಬರಹ ಬರೆಯಿತು. ಆದೇಶ 1994ರ ಏಪ್ರಿಲ್ 29ರದು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಕ್ಕಳಿಗೆ ಮಾತೃಭಾಷೆಯಲ್ಲಿ ಇಲ್ಲವೇ ಕನ್ನಡದಲ್ಲಿ ಪಾಠ ನಡೆಯಬೇಕು ಎಂಬುದು ಅದರ ತಿರುಳು. ಖಾಸಗಿ ಅನುದಾನರಹಿತ ಶಾಲೆಗಳ ಮೇಲೆ ಹೀಗೆ ಮಾಧ್ಯಮ ಹೇರುವಂತಿಲ್ಲ ಎಂದು ಪೀಠ ಹೇಳಿತು. ಕನ್ನಡಕ್ಕೆ ಸೋಲಾಯಿತು ಎಂಬ ನೋವಿನಲ್ಲಿ ನಾವು ಆ ದಿನಗಳನ್ನು ಕಳೆದೆವು. ನೋವು ಸಹಜವೇ. ಆದರೆ ತೀರ್ಪು ಯಾವ ದಾರಿಯಲ್ಲಿ ನಡೆದು ಅಲ್ಲಿಗೆ ತಲುಪಿತು, ಎಲ್ಲಿ ನಿಂತುಬಿಟ್ಟಿತು ಎಂದು ಸಮಾಧಾನದಿಂದ ನೋಡುವ ಕೆಲಸ ಇನ್ನೂ ಬಾಕಿ ಇದೆ.

1993ರಲ್ಲಿ ಇದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ರಾಜ್ಯದ 1989ರ ಭಾಷಾನೀತಿಯನ್ನು ಎತ್ತಿಹಿಡಿದಿತ್ತು. ಆ ಧೈರ್ಯದ ಮೇಲೆಯೇ 1994ರ ಆದೇಶ ಹೊರಟಿತು. ನಡುವೆ, 2002ರಲ್ಲಿ, ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಶಿಕ್ಷಣ ಸಂಸ್ಥೆ ನಡೆಸುವುದೂ 19ನೇ ವಿಧಿ ಕಾಯುವ ಒಂದು ವೃತ್ತಿ ಎಂದಿತು. ನಮ್ಮ ಮಣಿಪಾಲದ ನೆಲದಿಂದಲೇ ಹೊರಟ ಆ ಪ್ರಕರಣ ಖಾಸಗಿ ಶಾಲೆಗಳ ಕಾಲಡಿಗೆ ಗಟ್ಟಿ ನೆಲ ಕೊಟ್ಟಿತು. 2008ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಆದೇಶವನ್ನು ಎರಡಾಗಿ ಸೀಳಿತು: ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅದು ಸರಿ, ಉಳಿದ ಮಾನ್ಯತೆ ಪಡೆದ ಶಾಲೆಗಳಿಗೆ ಕಡ್ಡಾಯ ಮಾಡುವುದು ತಪ್ಪು. ರಾಜ್ಯ ಸರ್ಕಾರ ಮೇಲ್ಮನವಿ ಹಾಕಿತು, ವಿಷಯ ಸಂವಿಧಾನ ಪೀಠದವರೆಗೂ ಹೋಯಿತು.

ಪೀಠದ ಮುಂದಿದ್ದ ಮೊದಲ ಪ್ರಶ್ನೆ ಕೇಳಲು ಸರಳ: ಮಾತೃಭಾಷೆ ಎಂದರೇನು, ಅದನ್ನು ತೀರ್ಮಾನಿಸುವವರು ಯಾರು? ತಂದೆತಾಯಿ ಅಥವಾ ಪೋಷಕರು ಎಂದಿತು ತೀರ್ಪು. ಮನೆಯಲ್ಲಿ ತುಳು, ಬೀದಿಯಲ್ಲಿ ಬ್ಯಾರಿ, ಅಂಗಡಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಕರಾವಳಿಯ ಮಗುವನ್ನು ಬಲ್ಲವರು ಈ ಮಾತನ್ನು ಒಪ್ಪಿಯಾರು. ತಾಂಡಾದ ಮಗುವಿನ ತಾಯ್ನುಡಿ ಯಾವುದೆಂದು ತಾಲ್ಲೂಕು ಕಚೇರಿಯ ಕಡತ ಹೇಳಲಾರದು. ಆದರೆ ಇದೇ ಉತ್ತರಕ್ಕೆ ಇನ್ನೊಂದು ಮಗ್ಗುಲಿದೆ. ಸಂವಿಧಾನದಲ್ಲಿ ಮಾತೃಭಾಷೆ ಎಂಬ ಪದ ಬರುವುದು 1956ರಲ್ಲಿ ಸೇರಿದ 350ಎ ವಿಧಿಯಲ್ಲಿ, ಭಾಷಾ ಅಲ್ಪಸಂಖ್ಯಾತ ಮಕ್ಕಳ ಪ್ರಾಥಮಿಕ ಶಿಕ್ಷಣದ ಮಾತು ಬಂದಾಗ. ಹಾಗಾಗಿ ಮಾತೃಭಾಷೆಯೆಂದರೆ ರಾಜ್ಯದ ಭಾಷಾ ಅಲ್ಪಸಂಖ್ಯಾತರ ಭಾಷೆ ಎಂದು ಪೀಠ ಓದಿತು. ಅಂದರೆ ಮಂಡ್ಯದ ಮಗುವಿನ ಕನ್ನಡ ಮಂಡ್ಯದಲ್ಲಿ ಆ ಅರ್ಥದ ಮಾತೃಭಾಷೆಯಾಗಿ ಉಳಿಯುವುದಿಲ್ಲ. ಅದೇ ಮಗು ಮುಂಬೈಯಲ್ಲಿ ಬೆಳೆದರೆ ಆಗುತ್ತದೆ. ಅಕ್ಷರದ ಮಟ್ಟಿಗೆ ಈ ಓದು ತಪ್ಪಲ್ಲ. ಕಲಿಯುವ ಮಗುವಿನ ಮಟ್ಟಿಗೆ ಅದು ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ತೀರ್ಪಿನ ಜೀವಾಳ ಎರಡನೆಯ ಉತ್ತರದಲ್ಲಿದೆ. ಶಿಕ್ಷಣ ಮಾಧ್ಯಮದ ಆಯ್ಕೆ 19(1)(ಎ) ವಿಧಿಯ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ, ಅದು ಮಗುವಿನದು, ಮಗುವಿನ ಪರವಾಗಿ ಪೋಷಕರದು ಎಂದು ಪೀಠ ಹೇಳಿತು. ಇಲ್ಲಿ ಒಂದು ಸೂಕ್ಷ್ಮವಿದೆ. ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಸಂವಿಧಾನ ಎಣಿಸಿಟ್ಟಿರುವ ಕಾರಣಗಳು ಕೆಲವೇ: ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನನಷ್ಟ ಮುಂತಾದವು. ಮಗು ಚೆನ್ನಾಗಿ ಕಲಿಯಲಿ ಎಂಬುದು ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಮಾಧ್ಯಮದ ಪ್ರಶ್ನೆಯನ್ನು ಅಭಿವ್ಯಕ್ತಿಯ ಮನೆಗೆ ಸೇರಿಸಿದ ಗಳಿಗೆಯಲ್ಲೇ ಕಲಿಕೆಯ ವಾದಕ್ಕೆ ಬಾಗಿಲು ಮುಚ್ಚಿತು. ನಾಲ್ಕನೆಯ ತರಗತಿಯವರೆಗೆ ಮಕ್ಕಳು ತಾಯ್ನುಡಿಯಲ್ಲಿ ಚೆನ್ನಾಗಿ ಕಲಿಯುತ್ತಾರೆ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವೇ ಇರಬಹುದು, ಆದರೂ ಅದನ್ನು ಮಾನ್ಯತೆಯ ಷರತ್ತಾಗಿಸುವಂತಿಲ್ಲ ಎಂಬ ಅರ್ಥದ ಮಾತು ತೀರ್ಪಿನಲ್ಲೇ ಇದೆ. ನನ್ನ ತಕರಾರು ಇರುವುದು ಈ ಜಾಗದಲ್ಲಿ. ಆರು ವರ್ಷದ ಮಗು ಮಾಧ್ಯಮ ಆರಿಸುವುದಿಲ್ಲ. ಆರಿಸುವವರು ದೊಡ್ಡವರು, ಅರ್ಥವಾಗದ ನುಡಿಯಲ್ಲಿ ಕೂಡುವ ಕಳೆಯುವ ಲೆಕ್ಕ ಕಲಿಯಬೇಕಾದದ್ದು ಮಗು. ಹಕ್ಕಿಗೆ ಮಗುವಿನ ಹೆಸರಿಟ್ಟ ಮೇಲೆ ಮಗುವಿನ ಹಿತವನ್ನೂ ಪೋಷಕರ ಇಚ್ಛೆಯನ್ನೂ ಬೇರೆಬೇರೆಯಾಗಿ ತೂಗಬೇಕಿತ್ತು. ಆ ತಕ್ಕಡಿಯನ್ನು ಪೀಠ ಎತ್ತಲಿಲ್ಲ.

ಇಷ್ಟು ಹೇಳಿದ ಮೇಲೆ, ಪೋಷಕರ ಇಚ್ಛೆಯನ್ನು ಹಗುರವಾಗಿ ಕಾಣುವ ಅಧಿಕಾರ ನಮಗಿಲ್ಲ ಎಂದೂ ಹೇಳಬೇಕು. ಇಂಗ್ಲಿಷ್ ಬಂದರೆ ಮಗ ಕೂಲಿ ಮಾಡಬೇಕಿಲ್ಲ, ಯಾರೆದುರೂ ತಲೆತಗ್ಗಿಸಿ ನಿಲ್ಲಬೇಕಿಲ್ಲ ಎಂದು ನಂಬಿದ ತಂದೆತಾಯಿ ತಮ್ಮ ಅನುಭವದಿಂದಲೇ ಹಾಗೆ ನಂಬಿದ್ದಾರೆ. ಶತಮಾನಗಳ ಕಾಲ ಅಕ್ಷರದಿಂದಲೇ ವಂಚಿತವಾದ ಸಮುದಾಯಗಳು ಇಂಗ್ಲಿಷ್ ಕೇಳುವಾಗ ಆ ದನಿಯಲ್ಲಿ ನ್ಯಾಯವಿದೆ. ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ ಪರರ ಮಕ್ಕಳಿಗೆ ಕನ್ನಡ ಮಾಧ್ಯಮ ಬೋಧಿಸಿದವರಿಂದ ಕನ್ನಡದ ವಾದಕ್ಕೆ ಆದ ಹಾನಿಯನ್ನು ಯಾವ ನ್ಯಾಯಾಲಯವೂ ಮಾಡಿಲ್ಲ. ಆದೇಶ ಜಾರಿಯಲ್ಲಿದ್ದ ವರ್ಷಗಳಲ್ಲಿ ಕನ್ನಡ ಮಾಧ್ಯಮವೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ನಡೆಸಿದ ಶಾಲೆಗಳು ಊರೂರಲ್ಲಿ ಇದ್ದವು. ಕಡ್ಡಾಯವೆಂಬುದು ಕಾಗದದ ಮೇಲಷ್ಟೇ ಗಟ್ಟಿಯಾಗಿತ್ತು.

ತೀರ್ಪಿನ ಮಿತಿ ಕಾಣುವುದು ಅದರ ನಂತರದ ಬದುಕಿನಲ್ಲಿ. ಆಯ್ಕೆಯ ಹಕ್ಕು ಶುಲ್ಕ ಕಟ್ಟಬಲ್ಲವರ ಕೈಗೆ ತಕ್ಷಣ ಸಿಕ್ಕಿತು. ಬಡವರಿಗೆ ಇದ್ದ ಒಂದು ಕಿರುದಾರಿ ಶಿಕ್ಷಣ ಹಕ್ಕು ಕಾಯಿದೆಯಡಿ ಖಾಸಗಿ ಶಾಲೆಗಳಲ್ಲಿ ಮೀಸಲಾದ ಶೇ. 25ರಷ್ಟು ಸೀಟು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ ಎಂದು ಕರ್ನಾಟಕ ನಿಯಮ ತಿದ್ದಿದ ಮೇಲೆ, 2019ರಿಂದ, ಆ ದಾರಿಯೂ ಬಹುಮಟ್ಟಿಗೆ ಮುಚ್ಚಿತು. ಎರಡು ದಶಕ ಮಾತೃಭಾಷೆಗಾಗಿ ವಾದಿಸಿದ ರಾಜ್ಯವೇ 2018ರ ಬಜೆಟ್ಟಿನಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯುವುದಾಗಿ ಸಾರಿತು. ಅದಕ್ಕೆ ಯಾವ ನ್ಯಾಯಾಲಯವೂ ಒತ್ತಾಯಿಸಿರಲಿಲ್ಲ. ಸರ್ಕಾರಿ ಶಾಲೆಯಲ್ಲಿ ಮಾಧ್ಯಮ ಯಾವುದಿರಬೇಕೆಂದು ತೀರ್ಮಾನಿಸುವ ಅಧಿಕಾರವನ್ನು ತೀರ್ಪು ರಾಜ್ಯದಿಂದ ಕಿತ್ತುಕೊಂಡಿರಲಿಲ್ಲ.

ನೆರೆಯ ಆಂಧ್ರಪ್ರದೇಶದ ಕಥೆ ಈ ಹಕ್ಕಿನ ಇನ್ನೊಂದು ಅಂಚನ್ನು ತೋರಿಸಿತು. ಅಲ್ಲಿನ ಸರ್ಕಾರ 2019ರ ನವೆಂಬರ್‌ನಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೇ ತರುವ ಆದೇಶ ಹೊರಡಿಸಿತು. 2020ರ ಏಪ್ರಿಲ್‌ನಲ್ಲಿ ಆಂಧ್ರ ಹೈಕೋರ್ಟು ಅದನ್ನು ರದ್ದುಪಡಿಸಿತು. ಮಾಧ್ಯಮ ಆರಿಸುವ ಸ್ವಾತಂತ್ರ್ಯವೇ ಅಲ್ಲಿ ತೆಲುಗನ್ನು ಕಾಯಿತು. ಕರ್ನಾಟಕದಲ್ಲಿ ಇಂಗ್ಲಿಷಿಗೆ ದಾರಿ ಬಿಟ್ಟ ತತ್ವ ಅಲ್ಲಿ ತೆಲುಗು ಮಾಧ್ಯಮದ ಗುರಾಣಿಯಾಯಿತು. 2014ರ ತೀರ್ಪನ್ನು ಕನ್ನಡದ ಶತ್ರುವೆಂದು ಬಗೆಯುವವರು ಇದನ್ನು ನೆನೆಯಬೇಕು. ಹೇರಿಕೆ ಬೇಡ ಎಂಬ ಅದರ ಮಾತಿಗೆ ಬೆಲೆಯಿದೆ, ಮತ್ತು ಆ ಬೆಲೆ ನಮಗೂ ಒಂದು ದಿನ ಬೇಕಾದೀತು.

ಹಾಗಾದರೆ ತೀರ್ಪಿನಿಂದ ಆಗದೆ ಉಳಿದದ್ದೇನು? ಹೀಗೆ ಮಾಡಕೂಡದು ಎಂದು ನ್ಯಾಯಾಲಯ ಸರ್ಕಾರವನ್ನು ತಡೆಯಬಲ್ಲದು. ತಡೆದ ಮಾತ್ರಕ್ಕೆ ಹಳ್ಳಿಯಲ್ಲಿ ಶಾಲೆ ಏಳುವುದಿಲ್ಲ. ಆಯ್ಕೆ ಎಂಬ ಪದಕ್ಕೆ ಅರ್ಥ ಬರಬೇಕಾದರೆ ಎರಡು ಒಳ್ಳೆಯ ಶಾಲೆಗಳು ಎದುರೆದುರು ಇರಬೇಕು. ಒಂದೆಡೆ ಇಬ್ಬರೇ ಶಿಕ್ಷಕರು ಐದು ತರಗತಿ ಸಂಭಾಳಿಸುವ ಕನ್ನಡ ಶಾಲೆ, ಇನ್ನೊಂದೆಡೆ ಬಾಗಿಲಿಗೆ ವ್ಯಾನು ಕಳಿಸುವ ಖಾಸಗಿ ಶಾಲೆ ಇದ್ದಾಗ ತಾಯಿ ಮಾಡುವುದು ಭಾಷೆಯ ಆಯ್ಕೆಯಲ್ಲ. ಮಗುವನ್ನು ಯಾರು ಗಮನಿಸುತ್ತಾರೆ ಎಂಬುದನ್ನಷ್ಟೇ ಅವಳು ನೋಡುತ್ತಾಳೆ.

ಆ ಮೊಕದ್ದಮೆಯ ತಲೆಬರಹದಲ್ಲಿ ಇದ್ದವರು ಇಬ್ಬರು: ಕರ್ನಾಟಕ ಸರ್ಕಾರ ಮತ್ತು ಇಂಗ್ಲಿಷ್ ಮಾಧ್ಯಮ ಶಾಲೆಗಳ ಆಡಳಿತ ಮಂಡಳಿಗಳ ಒಕ್ಕೂಟ. ಒಬ್ಬರು ಭಾಷೆಯ ಹೆಸರಲ್ಲಿ, ಇನ್ನೊಬ್ಬರು ಸ್ವಾತಂತ್ರ್ಯದ ಹೆಸರಲ್ಲಿ ವಾದಿಸಿದರು. ತರಗತಿಗೊಬ್ಬ ಶಿಕ್ಷಕ, ತಿಳಿಯುವ ನುಡಿಯಲ್ಲಿ ಪಾಠ, ಜೊತೆಗೆ ಬಲ್ಲವರಿಂದ ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಿದ ಇಂಗ್ಲಿಷ್: ಮಗುವಿಗೆ ಬೇಕಾದದ್ದು ಇಷ್ಟು. ತೀರ್ಪಿನ ಒಂದು ಸಾಲೂ ಇದಕ್ಕೆ ಅಡ್ಡಬರುವುದಿಲ್ಲ. ಇದನ್ನು ಮಾಡಲು ಕರ್ನಾಟಕ ಯಾರ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ, 1994ರಲ್ಲೂ, ಇವತ್ತೂ.