ಚಂದ್ರನ ಅಂಗಳ, ಹತ್ತೊಂಬತ್ತನೇ ಗೇಟು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಸಿಂಧನೂರು ಸೀಮೆಯಲ್ಲಿ ಆಗಿನ್ನೂ ಭತ್ತದ ನಾಟಿಯ ಗಡಿಬಿಡಿ. ಮುಂದಿನ ಒಂದು ವಾರ ನಮ್ಮ ಮುಕ್ಕುಂದದ ಚಹಾದಂಗಡಿಯಲ್ಲಿ ಕೂತವರ ಬಾಯಲ್ಲಿ ಇದ್ದದ್ದು ಒಂದೇ ಮಾತು: ಸ್ಟಾಪ್‌ಲಾಗ್. ಅದನ್ನು ತುಂಡು ತುಂಡಾಗಿ ಯಾಕೆ ಇಳಿಸುತ್ತಾರೆ, ರಭಸದಿಂದ ಹರಿಯುವ ನೀರಿನಲ್ಲಿ ಇಳಿಸುವುದು ಯಾಕೆ ಕಷ್ಟ, ಅರ್ಧ ಜಲಾಶಯ ಖಾಲಿ ಮಾಡಿಯೇ ಇಳಿಸಬೇಕೇ, 33 ಗೇಟುಗಳಲ್ಲಿ ಇದೊಂದೇ ಯಾಕೆ ಹೋಯಿತು, ಉಳಿದ 32ರ ಚೈನುಗಳ ವಯಸ್ಸೆಷ್ಟು. ಶಾಲೆಯ ಮುಖ ನೋಡದವರು ಕಡ್ಡಿಯಿಂದ ನೆಲದ ಮೇಲೆ ಗೇಟಿನ ಚಿತ್ರ ಬರೆದು ವಾದಿಸುತ್ತಿದ್ದರು. ಕನ್ನಯ್ಯ ನಾಯ್ಡು ಅವರ ತಂಡ ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಕೂರಿಸಿದಾಗ ಅದು ಪವಾಡ ಎಂದು ನಮ್ಮವರಿಗೆ ಅನ್ನಿಸಲಿಲ್ಲ. ಕೆಲಸ ಅನ್ನಿಸಿತು. ಯಾವ ಕೆಲಸ, ಹೇಗೆ ಮಾಡಿದರು ಎಂಬುದು ಅವರಿಗೆ ಗೊತ್ತಿತ್ತಲ್ಲ.

ಇದರಲ್ಲಿ ಕನ್ನಡ ಪತ್ರಿಕೆಗಳ ಪಾಲು ದೊಡ್ಡದು. ಆ ವಾರ ಅವು ಬರೆದಂಥ ತಂತ್ರಜ್ಞಾನದ ಕನ್ನಡವನ್ನು ನಾನು ಬಹಳ ವರ್ಷಗಳಿಂದ ಓದಿರಲಿಲ್ಲ. ಚಿತ್ರ ಬಿಡಿಸಿ ತೋರಿಸಿದರು, ಎಂಜಿನಿಯರುಗಳನ್ನು ಅಡ್ಡಡ್ಡ ಪ್ರಶ್ನೆ ಕೇಳಿದರು, ನಿರ್ವಹಣೆಯ ಲೆಕ್ಕ ಕೇಳಿದರು. ಹೀಗಿರುವಾಗ ಇವೇ ಪತ್ರಿಕೆಗಳು, ಇವೇ ಚಾನೆಲ್‌ಗಳು ಬಾಹ್ಯಾಕಾಶದ ಸುದ್ದಿಗೆ ಬಂದ ಕೂಡಲೇ ಯಾಕೆ ಭಜನೆಗೆ ಕೂರುತ್ತವೆ ಎಂಬುದು ನನ್ನ ತಕರಾರು.

ಒಂದು ವರ್ಷ ಹಿಂದಕ್ಕೆ ಹೋಗೋಣ. 2023ರ ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಇಳಿಯಿತು. ನಾನೂ ಚಪ್ಪಾಳೆ ತಟ್ಟಿದೆ, ಅದನ್ನು ಮುಚ್ಚಿಡುವುದೇಕೆ? ಆದರೆ ಅಂದು ನೋಡಿದ, ಮರುದಿನ ಓದಿದ ಸುದ್ದಿಗಳಲ್ಲಿ ಎಲ್ಲಿ ನೋಡಿದರೂ 'ಚಂದಮಾಮನ ಅಂಗಳ', 'ಚಂದ್ರನಿಗೆ ಮುತ್ತಿಕ್ಕಿದ ಭಾರತ'. ಅಂಗಳವಂತೆ! ಅಂಗಳ ಅಂದರೆ ಮನೆಯವರು ಕಸ ಗುಡಿಸಿ ನೀರು ಹಾಕಿ ರಂಗೋಲಿ ಬಿಡುವ ಜಾಗ. ದಕ್ಷಿಣ ಧ್ರುವದ ಕಡೆಯ ಆ ಗುಂಡಿಬಿದ್ದ ನೆಲವನ್ನು ಅಂಗಳ ಎಂದು ಕರೆದ ಮೇಲೆ ಅಲ್ಲಿ ಇಳಿಯುವುದು ಎಷ್ಟು ಕಷ್ಟ ಎಂದು ಓದುಗನಿಗೆ ಹೇಗೆ ತಿಳಿಸುತ್ತೀರಿ?

ಹೇಳಬೇಕಾದ ಕತೆಯೇನೂ ಗುಟ್ಟಾಗಿರಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಯಾಕೆ ಬಿತ್ತು ಎಂಬುದನ್ನು ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರ ಜುಲೈನಲ್ಲೇ ವಿವರಿಸಿದ್ದರು. ಐದು ಎಂಜಿನ್‌ಗಳು ಅಂದಾಜಿಗಿಂತ ಹೆಚ್ಚಿನ ಒತ್ತು ಕೊಟ್ಟವು, ತಪ್ಪು ಕೂಡುತ್ತಾ ಹೋಯಿತು, ಅದನ್ನು ಸರಿಪಡಿಸಲು ನೌಕೆ ಬೇಗ ತಿರುಗಬೇಕಾಯಿತು, ಅಷ್ಟು ಬೇಗ ತಿರುಗಲು ಅದಕ್ಕೆ ಮಿತಿ ಹಾಕಿತ್ತು. ಇಳಿಯಲು ಕೊಟ್ಟ ಜಾಗವೂ ಇಕ್ಕಟ್ಟು, 500 ಮೀಟರ್‌ಗೆ 500 ಮೀಟರ್. ಮೂರನೆಯದಕ್ಕೆ ಆ ಜಾಗವನ್ನು 4 ಕಿಲೋಮೀಟರ್‌ಗೆ 2.4 ಕಿಲೋಮೀಟರ್ ಮಾಡಿದರು, ಕಾಲು ಗಟ್ಟಿ ಮಾಡಿದರು, ಇಂಧನ ಹೆಚ್ಚು ತುಂಬಿದರು. ಏನೇನು ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡಿ, ಕೆಟ್ಟರೂ ಇಳಿಯುವಂತೆ ಕಟ್ಟಿದೆವು ಎಂದರು. ಬೆಳೆ ಒಮ್ಮೆ ಕೈಕೊಟ್ಟ ರೈತನಿಗೆ ಇದಕ್ಕಿಂತ ಹತ್ತಿರದ ಕತೆ ಬೇರೆ ಇದೆಯೇ? ಅದನ್ನು ಬಿಟ್ಟು ಹೋಮ, ಹವನ, ಎದೆಬಡಿತ, ಕಣ್ಣೀರು ತೋರಿಸಿದರು.

ಆ ಸಂಜೆ ನಮ್ಮೂರ ಹಿರಿಯರೊಬ್ಬರು ನನ್ನನ್ನು ಕೇಳಿದ್ದು: "ಅಲ್ಲಿ ನೀರು ಐತಂತಲ್ರಿ ಸರ, ಸಿಕ್ಕರ ನಮ್ಮ ಕಾಲುವಿಗೂ ಒಂದೀಟು ಬಿಡ್ರಿ ಅಂತ ಹೇಳ್ರಿ." ಎಲ್ಲರೂ ನಕ್ಕರು. ಮಳೆ ಕೈಕೊಟ್ಟ ಆಗಸ್ಟ್ ಅದು. ಮುಂದಿನ ತಿಂಗಳೇ ಸರಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಅವರ ತಮಾಷೆಯೊಳಗೆ ಒಂದು ಪ್ರಶ್ನೆ ಇತ್ತು, ಇದರಲ್ಲಿ ನಮಗೇನು ಎಂದು. ಅದನ್ನು ದೇಶದ್ರೋಹ ಎಂದು ತಿಳಿಯುವವರು ವಿಜ್ಞಾನದ ಸುದ್ದಿ ಬರೆಯದಿರುವುದೇ ಒಳ್ಳೆಯದು.

ಯಾಕೆಂದರೆ ಈ ದೇಶದ ಬಾಹ್ಯಾಕಾಶ ಕಾರ್ಯಕ್ರಮ ಶುರುವಾದದ್ದೇ ಆ ಪ್ರಶ್ನೆಯಿಂದ. ಅದರ ಪುರಾವೆ ನಮ್ಮ ಜಿಲ್ಲೆಯಲ್ಲೇ ಇತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಟಿವಿ ತಲುಪಿಸಿದರು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ಆಯ್ದುಕೊಂಡದ್ದು ಬೆಂಗಳೂರನ್ನಲ್ಲ, ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಕೋಳಿಗೂಡಿಗೆ ಹಾಕುವ ಜಾಲರಿಯಿಂದ ಮೂರು ಮೀಟರಿನ ಆಂಟೆನಾ, ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ, ಕನ್ನಡದಲ್ಲಿ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಬೇರೆ: ಸಂಶೋಧಕರನ್ನು ಹಳ್ಳಿಗಳಲ್ಲೇ ಉಳಿಸಿ, ಜನ ಇದನ್ನು ಏನು ಮಾಡಿಕೊಂಡರು ಎಂದು ಬರೆಸಿದರು. ಮೊದಲ ದಿನಗಳ ಜಾತ್ರೆ ಆಮೇಲೆ ಕರಗಿತು ಎಂಬುದನ್ನೂ ಬರೆದರು. ತಂತ್ರಜ್ಞಾನ ತನ್ನ ವಿಮರ್ಶಕನನ್ನು ತಾನೇ ಸಂಬಳ ಕೊಟ್ಟು ಇಟ್ಟುಕೊಂಡಿತ್ತು!

ಈಗ ಬೆಂಗಳೂರಿನ ಖಾಸಗಿ ಕಂಪನಿಗಳು ಉಪಗ್ರಹ ಹಾರಿಸುತ್ತಿವೆ. ಪಿಕ್ಸೆಲ್ ಕಂಪನಿಯ ಮೊದಲ ಮೂರು ಫೈರ್‌ಫ್ಲೈ ಉಪಗ್ರಹಗಳು 2025ರ ಜನವರಿಯಲ್ಲಿ ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ ಹೋದವು. ಬೆಳಕನ್ನು ನೂರಾರು ಪಟ್ಟಿಗಳಾಗಿ ಸೀಳಿ ನೋಡುವ ಕಣ್ಣು ಅವಕ್ಕಿದೆ. ಪೈರು ಹಳದಿಯಾಗುವ ಮೊದಲೇ ಅದರ ಸಂಕಟ ಗುರುತಿಸಬಹುದು ಎಂಬುದು ಈ ತಂತ್ರದ ಭರವಸೆ. ನಾನು ಕನ್ನಡದಲ್ಲಿ ಓದಿದ್ದು ಹೂಡಿಕೆ ಎಷ್ಟು ಕೋಟಿ ಎಂಬುದನ್ನು. ನನ್ನ ಗದ್ದೆಯ ಚಿತ್ರ ತೆಗೆದವರು ಅದನ್ನು ಯಾರಿಗೆ ಮಾರುತ್ತಾರೆ, ವಿಮೆಯವರಿಗೋ, ಗೊಬ್ಬರದವರಿಗೋ, ದಲ್ಲಾಳಿಗೋ? ಈ ಪ್ರಶ್ನೆ ಎಲ್ಲೂ ಕಾಣಲಿಲ್ಲ.

ವಿಡಿಯೋ ಗೇಮಿನ ವಿಷಯದಲ್ಲಿ ಭಜನೆಯೂ ಇಲ್ಲ, ಬರೀ ಬೈಗುಳ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದಾಗಿನಿಂದ ಗೇಮ್ ಅಂದರೆ ಚಟ, ಸಾಲ, ಆತ್ಮಹತ್ಯೆ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿದಾಗ ನಮ್ಮ ಅನೇಕ ತಲೆಬರಹಗಳು 'ಆನ್‌ಲೈನ್ ಗೇಮ್ ನಿಷೇಧ' ಎಂದವು. ಕಾಯ್ದೆ ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವುದನ್ನು ಮಾತ್ರ. ಇ-ಸ್ಪೋರ್ಟ್ಸ್‌ಗೆ ಅದು ಉತ್ತೇಜನವನ್ನೇ ಕೊಡುತ್ತದೆ. ಇಂಗ್ಲಿಷಿನವರು ಎರಡನ್ನೂ ಗೇಮ್ ಎನ್ನಲಿ, ನಮಗೇನು ಬಡತನ? ಆಟ ಬೇರೆ, ಜೂಜು ಬೇರೆ. ಅಂದರ್ ಬಾಹರ್ ಆಡಿ ಹೊಲ ಕಳೆದುಕೊಂಡವನನ್ನೂ ಕಟ್ಟೆಯ ಕಲ್ಲಿನ ಮೇಲೆ ಹುಲಿ-ಕುರಿ ಆಡುವ ಹುಡುಗನನ್ನೂ ನಮ್ಮೂರಲ್ಲಿ ಯಾರೂ ಒಂದೇ ಹೆಸರಿನಿಂದ ಕರೆಯುವುದಿಲ್ಲ.

ಕನ್ನಡಕ್ಕೆ ಈ ಬರವಣಿಗೆ ಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದ ಭಾಷೆ ಇದು. ನಾಗೇಶ ಹೆಗಡೆಯವರ ಅಂಕಣ ಓದಿ ಬೆಳೆದವರು ನಾವು. ಕೊರತೆ ಇರುವುದು ಸಾಹಿತ್ಯದ ನಮ್ಮಂಥವರಲ್ಲೂ. ಕಾದಂಬರಿಗೆ, ಸಿನಿಮಾಕ್ಕೆ ವಿಮರ್ಶೆ ಬರೆಯುವ ನಾವು ಒಂದು ಗೇಮನ್ನು ಆಡಿ ನೋಡಿ, ಅದರ ಕತೆ ಹೇಗಿದೆ, ಆಡುವವನಿಂದ ಅದು ಏನು ಮಾಡಿಸುತ್ತದೆ ಎಂದು ಎರಡು ಪುಟ ಬರೆದಿಲ್ಲ. ಹೋದ ವಾರ ಪಕ್ಕದ ಮನೆಯ ಹುಡುಗ ಫೋನು ಕೈಗೆ ಕೊಟ್ಟು, "ನೀವೂ ಒಂದ್ಸಲ ಆಡ್ರಿ ಸರ" ಅಂದ. ಎರಡು ನಿಮಿಷದಲ್ಲಿ ಸತ್ತೆ. ಯಾಕೆ ಸತ್ತೆ ಎಂದು ಅವನು ಕಡ್ಡಿ ತಗೊಂಡು ನೆಲದ ಮೇಲೆ ನಕ್ಷೆ ಬರೆದು ತೋರಿಸಿದ.